ಉಷಕ್ಕನ ಹಲ್ಲಿನವರು

ಮೆಟ್ರೋ ಸ್ಟೇಷನ್ನಿನಲ್ಲಿ ಉಷಕ್ಕನನ್ನು ಹುಡುಕುವುದು ಸುಲಭವಾಗಿತ್ತು. ಎಸ್ಕಲೇಟರಿನ ಬುಡದಲ್ಲಿ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೇಲಕ್ಕೆ ಹೋಗುತ್ತಲೇ ಇರುವ ಮೆಟ್ಟಿಲುಗಳನ್ನು ದಿಟ್ಟಿಸುತ್ತಾ, ಹಿಂದಿನಿಂದ ಬಂದವರಿಗೆಲ್ಲ ದಾರಿ ಬಿಟ್ಟು ನಿಂತ ಕುಳ್ಳಗಿನ ಹೆಂಗಸು ಕಂಡರೆ ಅದು ಅವರೇ. ತುಂಬ ಹೊತ್ತು ಹಾಗೆ ನಿಂತು, ಕೊನೆಗೂ ಧೈರ್ಯ ಸಾಲದೆ, ಪಕ್ಕದ ಕಲ್ಲಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಬರುತ್ತಿದ್ದರು. ಲಿಫ್ಟ್ ಉಂಟಲ್ಲ ಎಂದರೆ, "ಅದರೊಳಗೆ ಯಾರಿದ್ದಾರೆ ಅಂತ ಬಾಗಿಲು ತೆಗೆದ ಮೇಲೆಯೇ ಗೊತ್ತಾಗುದು ಮಾರಾಯ್ತಿ" ಎನ್ನುತ್ತಿದ್ದರು. ಹಲ್ಲಿ, ಗುಡುಗು, ಕುಕ್ಕರಿನ ಸೀಟಿ, ಡಾಕ್ಟರ ಸೂಜಿ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಯಾವುದಕ್ಕೂ ಹೆದರದೆ ಬಿಟ್ಟವರಲ್ಲ. ಅವರಷ್ಟು ಪುಕ್ಕಲು ಹೆಂಗಸನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಸಂಜೆ ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆಯುತ್ತಾ ಕತೆ ಹೇಳಿ ನಮ್ಮನ್ನು ಹೆದರಿಸುವುದರಲ್ಲಿ ಅವರನ್ನು ಮೀರಿಸಿದವರನ್ನೂ ಕಂಡಿಲ್ಲ.

ನಾನು ಸುಳ್ಯದ ಕಡೆಯವಳು. ಎಂ.ಎಸ್ಸಿ. ಓದಲೆಂದು ಕೊಚ್ಚಿಯ ಕಳಮಶ್ಶೇರಿಗೆ ಬಂದಾಗ ಹಾಸ್ಟೆಲಿನಲ್ಲಿ ಜಾಗ ಸಿಗದೆ, ಉಷಕ್ಕನ ಮನೆಯ ಒಂದು ಕೋಣೆಯಲ್ಲಿ ಧಾರವಾಡದ ರೇಣುಕಾಳ ಜೊತೆ ಬಾಡಿಗೆಗೆ ಸೇರಿಕೊಂಡೆ. ಉಷಕ್ಕನದು ಕಾಸರಗೋಡು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು ಮೇಧಾ ಮದುವೆಯಾಗಿ ತಿರುವನಂತಪುರದಲ್ಲಿ ತುಂಬ ಎಂಬ ಕಡೆ ಇದ್ದಳು. ಎರ್ನಾಕುಲಂನ ಕೋರ್ಟಿನಲ್ಲಿ ಇವರಿಗೆ ಕನ್ನಡ ಅನುವಾದಕಿಯ ಕೆಲಸ. ಕಾಸರಗೋಡಿನಿಂದ ಬರುವ ಕನ್ನಡದ ಕಾಗದಪತ್ರಗಳನ್ನು ಮಲಯಾಳಕ್ಕೂ ಇಂಗ್ಲಿಷಿಗೂ ತಿರುಗಿಸುವುದು, ಕನ್ನಡ ಬಿಟ್ಟರೆ ಬೇರೆ ಬಾರದ ಸಾಕ್ಷಿ ಬಂದರೆ ಪಕ್ಕದಲ್ಲಿ ನಿಂತು ಅವರ ಮಾತನ್ನು ದಾಟಿಸುವುದು. ಬೇಲಿ ಜಗಳ, ಕತ್ತಿಯಲ್ಲಿ ಕಡಿದದ್ದು, ಬಾವಿಯಲ್ಲಿ ಸಿಕ್ಕಿದ ಹೆಣ, ಎಲ್ಲವೂ ಅವರ ಮೇಜಿನ ಮೇಲೆ ಹಾದುಹೋಗುತ್ತಿದ್ದವು. "ಹಗಲಿಡೀ ಓದುದು ಅದನ್ನೇ. ಹೆದರದೆ ಮತ್ತೆಂತ ಮಾಡುದು?" ಎಂದು ತಮ್ಮ ಪುಕ್ಕಲುತನಕ್ಕೆ ಕಾರಣ ಕೊಡುತ್ತಿದ್ದರು.

ನನಗೂ ಆ ವರ್ಷ ಭಯವಿತ್ತು. ಉಷಕ್ಕನ ಹಾಗೆ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಹಾಗಿರಲಿಲ್ಲ, ಅಷ್ಟೆ. ಲೈಬ್ರರಿಯಲ್ಲಿ ಪರಿಚಯವಾದ ಒಬ್ಬನನ್ನು ನಾನೇ ಚಾಯ ಕುಡಿಯಲು ಕರೆದಿದ್ದೆ. ಮಾತು ಫೋನಿಗೆ ಬಂತು, ಫೋನಿನಿಂದ ಫೋಟೋಗಳಿಗೆ ಹೋಯಿತು. ಅವುಗಳಲ್ಲಿ ಒಂದು, ಅಪ್ಪನ ಕಣ್ಣಿಗೆ ಬಿದ್ದರೆ ನನ್ನನ್ನು ಮರುದಿನವೇ ಊರಿಗೆ ಕರೆದೊಯ್ಯುವಂಥದ್ದು. ಕೆಲವು ತಿಂಗಳಲ್ಲಿ ಅವನ ಮಾತಿನ ಧಾಟಿ ಬೇಡವೆನಿಸಿ ಸಾಕು ಎಂದೆ. ಅವನಿಗೆ ಸಾಕಾಗಿರಲಿಲ್ಲ. ಮೆಟ್ರೋ ಇಳಿದರೆ ಕಂಬದ ಪಕ್ಕ ನಿಂತಿರುತ್ತಿದ್ದ. ಏನೂ ಮಾಡುತ್ತಿರಲಿಲ್ಲ, ನಗುತ್ತಿದ್ದ. ಆಮೇಲೆ ಮೆಸೇಜು ಬರುತ್ತಿತ್ತು: ಕರೆದವಳು ನೀನು. ಈಗ ಹೋಗು ಅಂದರೆ ಹೇಗೆ? ನಿನ್ನ ಅಪ್ಪನ ನಂಬರು ನನ್ನಲ್ಲಿದೆ.

ಓದು ನಿಂತುಹೋಗುವುದೆಂಬ ಆ ಒಂದು ಭಯದಲ್ಲೇ ನಾನು ಏಳುತ್ತಿದ್ದೆ, ಅದರಲ್ಲೇ ಮಲಗುತ್ತಿದ್ದೆ. ಊಟಕ್ಕೆ ಕೂತಾಗ ಮಾತ್ರ ಉಷಕ್ಕನ ಕತೆಯ ಬೇರೆ ಭಯ ಬಂದು ನನ್ನ ಭಯವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸುತ್ತಿತ್ತು.

ಆ ಕತೆ ಹುಟ್ಟಿದ್ದು ಟಿ.ವಿ. ರಿಮೋಟಿನ ಜಗಳದಲ್ಲಂತೆ. ಮೇಧಾ ಹೈಸ್ಕೂಲಿನಲ್ಲಿದ್ದಾಗ ಅವಳಿಗೆ ರಕ್ತ ಹೀರುವವರ ಧಾರಾವಾಹಿಯೇ ಬೇಕು, ಅಮ್ಮನಿಗೆ ಬೆನ್ನಿಗೆ ಕೇಪು ಕಟ್ಟಿಕೊಂಡು ಹಾರುವ ವೀರನೇ ಬೇಕು. ಜಗಳ ಬಿಡಿಸಲು ಉಷಕ್ಕ ರಕ್ತ ಹೀರುವವರನ್ನೂ ವೀರನನ್ನೂ ಒಂದೇ ಕತೆಗೆ ತಂದರು. ಮಗಳು ಮದುವೆಯಾಗಿ ಹೋದಳು, ಕತೆ ಇವರಲ್ಲೇ ಉಳಿಯಿತು. ಅಭಿಮಾನಿಗಳು ತಮಗಿಷ್ಟವಾದ ಪಾತ್ರಗಳ ಮೇಲೆ ಕತೆ ಬರೆದು ಹಾಕುವ ಒಂದು ಜಾಲತಾಣದಲ್ಲಿ, ಮೆಟ್ರೋದಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲೇ ಕುಟ್ಟಿ, ಅವರು ಅದನ್ನು ಕನ್ನಡದಲ್ಲಿ ಮುಂದುವರಿಸಿದ್ದರು. ಕೋರ್ಟಿನಲ್ಲಿ ಕೆಲಸ ಮಾಡುವವರಾದ್ದರಿಂದ ಯಾರಾದರೂ ಕೇಸು ಹಾಕಿಯಾರೆಂಬ ಹೆದರಿಕೆ ಬೇರೆ. ಹಾಗಾಗಿ ಯಾರ ನಿಜವಾದ ಹೆಸರನ್ನೂ ಬರೆಯುತ್ತಿರಲಿಲ್ಲ. ಹಾರುವ ವೀರ ಕೇಪಣ್ಣನಾದ. ರಕ್ತ ಹೀರುವವರು ಬರಿಯ ಹಲ್ಲಿನವರು.

ಹಲ್ಲಿನವರದು ಒಂದು ಕುಟುಂಬ. ಅಜ್ಜ, ಅಜ್ಜಿ, ಬೆಳ್ಳಗೆ ಸುಣ್ಣದ ಹಾಗಿದ್ದ ಇಬ್ಬರು ಗಂಡುಮಕ್ಕಳು. ಎಲ್ಲಿಂದಲೋ ಹಡಗು ಹತ್ತಿ ಕೊಚ್ಚಿಗೆ ಬಂದಿಳಿಯುತ್ತಾರೆ. ಇಳಿದ ಗಳಿಗೆಯಿಂದ ಸಂಕಟ ಶುರು. ಅವರಿಗೆ ಬೆಳ್ಳುಳ್ಳಿ ಆಗದು. ಇಲ್ಲಿ ಯಾರ ಕತ್ತಿನ ಹತ್ತಿರ ಬಾಯಿ ಒಯ್ದರೂ ಮಧ್ಯಾಹ್ನದ ಮೀನುಸಾರಿನ ಬೆಳ್ಳುಳ್ಳಿ ಮೂಗಿಗೆ ಬಡಿದು ತಲೆ ತಿರುಗುತ್ತದೆ. ಅಜ್ಜ ಎರ್ನಾಕುಲಂನ ಒಂದು ಹೋಟೆಲಿನ ಮುಂದೆ ಉಪ್ಪಿನಕಾಯಿ ಭರಣಿ ನೋಡಿಯೇ ಎಚ್ಚರತಪ್ಪಿ ಬೀಳುತ್ತಾನೆ. ಹಸಿದು ಹಸಿದು ಊರೆಲ್ಲ ಅಲೆದವರಿಗೆ ಕೊನೆಗೆ ಬೆಳ್ಳುಳ್ಳಿ ನೀರುಳ್ಳಿ ಎರಡನ್ನೂ ಒಳಗೆ ಬಿಡದ ಒಂದೇ ಒಂದು ಅಡುಗೆಮನೆ ಸಿಗುತ್ತದೆ. ಅದು ಕಳಮಶ್ಶೇರಿಯ ಉಷಕ್ಕನ ಮನೆ.

"ಅಲ್ಲಿ ಇಬ್ಬರು ಹುಡುಗಿಯರು ಬಾಡಿಗೆಗೆ ಇದ್ದಾರೆ. ದಿನಾ ಸಾರು, ತೊವ್ವೆ, ಮಜ್ಜಿಗೆ. ಒಳ್ಳೆ ಶುದ್ಧ ರಕ್ತ" ಎಂದು ಉಷಕ್ಕ ಹೆರೆಮಣೆಯಿಂದ ತಲೆ ಎತ್ತಿ ನಮ್ಮನ್ನು ನೋಡಿದರೆ, ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

"ಯವ್ವಾ, ಸಾಕ್ರಿ ಅಕ್ಕಾರ, ನಿದ್ದಿ ಬರಂಗಿಲ್ಲ" ಎಂದು ರೇಣುಕಾ ಕಾಲು ಮೇಲೆಳೆದುಕೊಳ್ಳುತ್ತಿದ್ದಳು. "ಎಲ್ಲಿ ಅದಾನ್ರಿ ನಿಮ್ಮ ಕೇಪಣ್ಣ?"

ಕೇಪಣ್ಣ ಹೊತ್ತಿಗೆ ಸರಿಯಾಗಿ ಬರುವುದೇ ಇಲ್ಲ. ಕೊಚ್ಚಿಯ ಮಳೆಗಾಲದಲ್ಲಿ ಅವನ ಕೇಪು ಒಣಗುವುದಿಲ್ಲ. ಒದ್ದೆ ಕೇಪಿನಲ್ಲಿ ಹಾರಿದರೆ ವಾಲುತ್ತಾನೆ. ವಾಸನೆ ಬೇರೆ. ಒಮ್ಮೆ ಬಿಸಿಲು ಬಂತೆಂದು ಹೊರಟರೆ, ರಸ್ತೆಯ ಗದ್ದಲದಲ್ಲಿ ಸಿಕ್ಕಿದ ಆಂಬುಲೆನ್ಸನ್ನು ಎತ್ತಿ ಆಚೆ ಇಡಲು ಹೋಗಿ ಹೊತ್ತು ಕಳೆದ. ಪ್ರತಿ ಅಧ್ಯಾಯದ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಬಾಗಿಲಲ್ಲಿ ನಿಂತು "ಏನಾದ್ರೂ ಆಗಿತ್ತಾ?" ಎಂದು ಕೇಳಿ, ಮಿಕ್ಕ ಸಾರನ್ನು ಅನ್ನಕ್ಕೆ ಕಲಸಿಕೊಂಡು ಉಂಡು ಹೋಗುತ್ತಾನೆ. ದಾವಣಗೆರೆಯ ಒಬ್ಬ ಅಭಿಮಾನಿ ಜಾಲತಾಣದಲ್ಲಿ ಸಿಟ್ಟಾಗಿ, ನಮ್ಮ ವೀರನಿಗೆ ಹೀಗೆ ಅವಮಾನ ಮಾಡಿದರೆ ಸುಮ್ಮನಿರುವುದಿಲ್ಲ ಎಂದು ಬರೆದಿದ್ದ. ಉಷಕ್ಕ ಹೆದರಿ ಎರಡು ವಾರ ಕತೆ ನಿಲ್ಲಿಸಿದರು. ಮತ್ತೆ ಶುರುಮಾಡಿದಾಗ ಕೇಪಣ್ಣನಿಗೆ ಸಾರಿನ ಜೊತೆ ಒಂದು ಹಪ್ಪಳವನ್ನೂ ಕೊಡಿಸಿದರು.

ಒಂದು ಶುಕ್ರವಾರ ನನಗೆ ಮೆಸೇಜು ಬಂತು. ಭಾನುವಾರದೊಳಗೆ ಅವನು ಹೇಳಿದ ಕಡೆ ಹೋಗಿ ಭೇಟಿಯಾಗಬೇಕು, ಇಲ್ಲವಾದರೆ ಫೋಟೋ ಅಪ್ಪನಿಗೆ. ಆ ಸಂಜೆಯೇ ಉಷಕ್ಕನ ಕತೆಯಲ್ಲಿ ಹಲ್ಲಿನವರು ಮನೆಬಾಗಿಲಿಗೆ ಬಂದರು.

ಹಲ್ಲಿನವರಿಗೆ ಒಂದು ಕಟ್ಟಳೆಯಿದೆ. ಮನೆಯವರು ಬಾಯಿಬಿಟ್ಟು ಕರೆಯದೆ ಅವರು ಹೊಸಿಲು ದಾಟುವಂತಿಲ್ಲ. ಬೇರೆ ಊರುಗಳಲ್ಲಿ ಅವರು ಈ ಕರೆಗಾಗಿ ಎಷ್ಟೋ ವೇಷ ಹಾಕಬೇಕಾಗುತ್ತಿತ್ತಂತೆ. ಕತೆಯಲ್ಲಿ ಬಾಡಿಗೆಗಿದ್ದ ನಮ್ಮ ಕಡೆಯ ಹುಡುಗಿಗೆ ಅದೆಲ್ಲ ಏನು ಗೊತ್ತು? ಬಾಗಿಲು ತಟ್ಟಿದ್ದು ಕೇಳಿ ತೆಗೆದಳು. ಯಾರು, ಎತ್ತ ಎಂದು ವಿಚಾರಿಸುವ ಮೊದಲೇ, ಹುಟ್ಟಿದಾಗಿನಿಂದ ಅಮ್ಮ ಹೇಳಿಕೊಟ್ಟ ಮಾತು ತಾನಾಗಿ ಬಾಯಿಂದ ಬಂತು.

"ಬನ್ನಿ, ಬನ್ನಿ, ಕೂತ್ಕೊಳ್ಳಿ. ಬಾಯಾರಿಕೆಗೆ ಎಂತ ಬೇಕು?"

ರೇಣುಕಾ ಮಜ್ಜಿಗೆ ನೆತ್ತಿಗೇರಿ ಕೆಮ್ಮುವಷ್ಟು ನಕ್ಕಳು. ಉಷಕ್ಕನಿಗೂ ತಮ್ಮ ಮಾತಿಗೆ ತಾವೇ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ಮುಂದುವರಿಸಿದರು: "ದೊಡ್ಡ ಮಗ ಒಳಗೆ ಬಂದ. ಸೋಫಾದಲ್ಲಿ ಕೂತ. ಕೂತು ಹೇಳ್ತಾನೆ, ಕರೆದದ್ದು ನೀನೇ ಅಲ್ವಾ? ಇನ್ನು ನಾನು ಹೋಗುದಿಲ್ಲ."

ನಾನು ತಟ್ಟೆ ಬಿಟ್ಟು ಎದ್ದು ಕೋಣೆಗೆ ಹೋದೆ. ಅಳು ಹೊರಗೆ ಕೇಳದಿರಲೆಂದು ದಿಂಬಿಗೆ ಬಾಯಿ ಒತ್ತಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಉಷಕ್ಕ ಬಂದರು, ಕೈಯಲ್ಲಿ ಇನ್ನೂ ಅರ್ಧ ಹೆರೆದ ಕಾಯಿಯ ಹೋಳು.

"ಎಂತಾಯ್ತು? ಅಷ್ಟು ಹೆದರಿಕೆ ಆಯ್ತಾ? ಬಿಡು, ಅವನನ್ನು ನಾಳೆ ಓಡಿಸ್ತೇನೆ."

"ನನ್ನವನನ್ನು ಓಡಿಸ್ಲಿಕ್ಕೆ ಆಗುದಿಲ್ಲ ಉಷಕ್ಕ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಫೋಟೋದ ವಿಷಯವನ್ನೂ.

ಅವರು ಧೈರ್ಯ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಎದ್ದು ಹೋಗಿ ಮುಂಬಾಗಿಲಿನ ಚಿಲಕ ನೋಡಿ ಬಂದರು, ಹಿತ್ತಿಲಿನದನ್ನೂ ನೋಡಿ ಬಂದರು, ಕಿಟಕಿಯ ಪರದೆ ಎಳೆದರು. ಆ ಕಾಯಿಗಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಪುಸ್ತಕದ ಮೇಲಿಟ್ಟರು. ಆಮೇಲೆ ಮಂಚದ ತುದಿಯಲ್ಲಿ ಕೂತರು.

"ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗುವಾ" ಎಂದರು.

"ಬೇಡ. ಅಪ್ಪನಿಗೆ ಗೊತ್ತಾದ್ರೆ ನನ್ನ ಓದು ಮುಗೀತು."

"ಅವ ಹೇಳಿದ್ರೂ ಗೊತ್ತಾಗ್ತದೆ, ನಾವು ಹೇಳಿದ್ರೂ ಗೊತ್ತಾಗ್ತದೆ. ನಾವೇ ಹೇಳುವಾ."

"ನಿಮಗೆ ಪೊಲೀಸರೆಂದ್ರೆ ಹೆದರಿಕೆ ಅಲ್ವಾ?"

"ಹೆದರಿಕೆಯೇ. ನೀನೂ ಹೆದರು, ನಾನೂ ಹೆದರ್ತೇನೆ. ಹಾಗೇ ಹೋಗುವಾ."

ಮರುದಿನ ಬೆಳಿಗ್ಗೆ ಹೋದೆವು. ಆಟೋದಲ್ಲಿ ಉಷಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ನೋಯುತ್ತಿತ್ತು. ಸ್ಟೇಷನ್ನಿನಲ್ಲಿ ಒಬ್ಬ ಮಹಿಳಾ ಅಧಿಕಾರಿ ನಮ್ಮನ್ನು ಕೂರಿಸಿಕೊಂಡರು. ನನಗಾಗ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮಾತ್ರ ಮಲಯಾಳ ಬರುತ್ತಿತ್ತು. ನಾನು ಕನ್ನಡದಲ್ಲಿ ಹೇಳಿದ್ದನ್ನು ಉಷಕ್ಕ ಮಲಯಾಳದಲ್ಲಿ ಹೇಳುವುದೆಂದಾಯಿತು.

ನಾನು ಹೇಳತೊಡಗಿದೆ. ಕರೆದ ವಿಷಯ ಬಂದಾಗ ದನಿ ತಗ್ಗಿಸಿದೆ. ಉಷಕ್ಕ ನನ್ನವರಲ್ಲವೇ, ಇದೊಂದನ್ನು ಹೇಗಾದರೂ ತೇಲಿಸಿಬಿಡುತ್ತಾರೆ, ಮಲಯಾಳದಲ್ಲಿ ಅದು ಇಲ್ಲದ ಹಾಗೆ ಮಾಡುತ್ತಾರೆ ಎಂದು ನಂಬಿ, "ಮೊದಲು ನಾನೇ... ಅಂದ್ರೆ... ನಾನೇ ಅವನನ್ನು ಚಾಯಕ್ಕೆ ಕರೆದೆ. ಫೋಟೋವನ್ನೂ... ನಾನೇ ಕಳಿಸಿದೆ" ಎಂದೆ.

ಉಷಕ್ಕ ಒಂದಕ್ಷರ ಬಿಡಲಿಲ್ಲ. "ಅವಳ್ ತನ್ನೆ... ಅದಾಯದ್... ಅವಳ್ ತನ್ನೆ ವಿಳಿಚ್ಚದಾಣ್" ಎಂದು, ಕರೆದವಳು ಇವಳೇ ಎಂಬುದನ್ನು ನನ್ನ ತಡವರಿಕೆಯ ಸಮೇತ ಹೇಳಿದರು. ನಾನು ಮೇಜಿನ ಕೆಳಗಿನಿಂದ ಅವರ ಸೆರಗು ಎಳೆದೆ. ಅವರು ನನ್ನತ್ತ ತಿರುಗಲಿಲ್ಲ. ಫೋಟೋದ ಮಾತನ್ನೂ ನಾನು ನಿಲ್ಲಿಸಿದಲ್ಲೇ ನಿಲ್ಲಿಸಿ, ನುಂಗಿದಲ್ಲೇ ನುಂಗಿ ಹೇಳಿದರು. ಅಧಿಕಾರಿ ಪೆನ್ನು ಎತ್ತಿ, ಚೇಚಿಗೂ, ಅಂದರೆ ಅಕ್ಕನಿಗೂ, ಮಾತು ತಡವರಿಸುತ್ತದೆಯೇ ಎಂದು ಕೇಳಿದರು. ಇಲ್ಲ, ಅವಳು ತಡವರಿಸಿದ್ದನ್ನು ಹೇಳಿದ್ದು ಎಂದರು ಉಷಕ್ಕ. ಅಧಿಕಾರಿ ನನ್ನ ಮುಖ ನೋಡಿದರು. ಈಗ ಬೈಗುಳ ಬರುತ್ತದೆ, ನೀನೇ ಕರೆದ ಮೇಲೆ ಇನ್ನೇನು ಎನ್ನುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಅವರು, "ಆ ನಂಬರ್ ತಾ ಮೋಳೆ" ಎಂದು, ಮಗಳೇ ಎಂದು ಕರೆದು ಅವನ ನಂಬರು ಕೇಳಿದರು. ಅಷ್ಟೆ.

ಹೊರಗೆ ಬಂದು ಮೆಟ್ಟಿಲ ಮೇಲೆ ನಾನು ಉಷಕ್ಕನ ಮೇಲೆ ಹಾರಾಡಿದೆ. "ಅದೊಂದನ್ನು ಬಿಡ್ಬಹುದಿತ್ತಲ್ಲ? ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಕಂಬಕ್ಕೆ ಒರಗಿ ಬೆವರು ಒರೆಸಿಕೊಂಡರು. "ನನ್ನ ಕೆಲಸ ಹಾಗೆ ಮಾಡುದಲ್ಲ ಮಾರಾಯ್ತಿ. ಕಟಕಟೆಯಲ್ಲಿ ಒಬ್ಬ ಮುದುಕ 'ಹೊಡೆದ, ಅಲ್ಲ, ಹೊಡೀಲಿಲ್ಲ, ಹೊಡೆದ' ಅಂದ್ರೆ ನಾನೂ ಹಾಗೇ ಹೇಳ್ಬೇಕು. ಚಂದ ಮಾಡಿ ಹೇಳಿದ್ರೆ ಅವನ ಹೆದರಿಕೆ ಎಲ್ಲಿಗೆ ಹೋಯ್ತು? ಅದು ಹೋದ್ರೆ ಜಡ್ಜಿಗೆ ಎಂತ ಅರ್ಥ ಆಗುದು?" ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಮತ್ತೆ, ನೀನು ಮುಚ್ಚಿಟ್ಟದ್ದು ಒಂದೇ ಉಂಟಲ್ಲ, ಅವನ ಹತ್ತಿರ ಇದ್ದ ಹಲ್ಲು ಅದೊಂದೇ. ಈಗ ಅದು ಅವನ ಬಾಯಲ್ಲಿ ಇಲ್ಲ, ಪೊಲೀಸಿನವರ ಕಾಗದದಲ್ಲಿ ಉಂಟು. ಕರೆದದ್ದು ತಪ್ಪಲ್ಲ. ಬಂದವ ಹೋಗು ಅಂದಾಗ ಹೋಗ್ಬೇಕು."

ಹೇಳಿ ಮುಗಿಸಿ, ರಸ್ತೆ ಬದಿಗೆ ಹೋಗಿ ವಾಂತಿ ಮಾಡಿಕೊಂಡರು. ಅವರ ಬೆನ್ನು ಸವರುತ್ತಾ ನಿಂತಾಗ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಆ ಹೊತ್ತಿನದು.

ಅಪ್ಪನಿಗೆ ಫೋನು ಮಾಡಿದ್ದೂ ಅವರೇ. ಅಪ್ಪ ರೈಲು ಹಿಡಿದು ಬಂದವರು ಹಾಲಿನಲ್ಲಿ ಕೂತು, ನನ್ನ ಮುಖ ನೋಡದೆ, "ಬಟ್ಟೆ ಕಟ್ಟು, ಹೋಗುವಾ" ಎಂದರು. ಗಂಡಸರು ದನಿ ಏರಿಸಿದರೆ ಉಷಕ್ಕನಿಗೆ ಕೈಕಾಲು ಆಡುತ್ತಿರಲಿಲ್ಲ. ಫ್ರಿಜ್ಜಿನ ಮರೆಯಲ್ಲಿ ಅರ್ಧ ನಿಂತು, ಅಲ್ಲಿಂದಲೇ ಹೇಳಿದರು: "ಹುಡುಗಿ ಎಲ್ಲಿಗೂ ಬರುದಿಲ್ಲ. ಪರೀಕ್ಷೆ ಉಂಟು. ನಿಮಗೆ ಬೈಬೇಕಾದ್ರೆ ನನಗೆ ಬೈರಿ, ಆದ್ರೆ ಸ್ವಲ್ಪ ಮೆಲ್ಲಗೆ." ಅಪ್ಪ ಕುಡಿಯಲು ನೀರು ಕೇಳಿದರು. ಮರುದಿನ ಒಬ್ಬರೇ ಊರಿಗೆ ಹಿಂತಿರುಗಿದರು. ನನ್ನ ಜೊತೆ ಮತ್ತೆ ಮೊದಲಿನಂತೆ ಮಾತಾಡಲು ಅವರಿಗೆ ಒಂದು ವರ್ಷ ಬೇಕಾಯಿತು.

ಪೊಲೀಸರು ಅವನ ಫೋನು ಕಿತ್ತುಕೊಂಡರು, ಕೇಸು ದಾಖಲಾಯಿತು. ಕತೆಯಲ್ಲೂ ಹಲ್ಲಿನ ಹುಡುಗ ಸೋಫಾದಿಂದ ಏಳಲೇಬೇಕಾಯಿತು. ತನ್ನನ್ನು ಕರೆದದ್ದು ಹೌದಾದ್ದರಿಂದ ಶಾಶ್ವತವಾಗಿ ಇರುವ ಹಕ್ಕಿದೆ ಎಂದು ಅವನು ಕೋರ್ಟಿಗೆ ಅರ್ಜಿ ಹಾಕಿದ. ವಿಚಾರಣೆಯನ್ನು ಸೂರ್ಯಾಸ್ತದ ನಂತರ ಇಡಬೇಕೆಂಬ ಅವನ ಬೇಡಿಕೆ ವಜಾ ಆಯಿತು. ಹಗಲು ಕೋರ್ಟಿಗೆ ಬಂದವನು ಮೆಟ್ಟಿಲಲ್ಲೇ ಬೂದಿಯಾದ. ಸಂಜೆ ಕೇಪಣ್ಣ ಬಂದು ಏನಾದರೂ ಆಗಿತ್ತೇ ಎಂದು ಕೇಳಿದ. ಆ ಅಧ್ಯಾಯ ಕೇಳಿ ನಾನು ಎಷ್ಟೋ ತಿಂಗಳ ಮೇಲೆ ನಕ್ಕೆ. ಆದರೂ ಮೆಟ್ರೋ ಇಳಿದರೆ ಕಂಬದ ಕಡೆ ನೋಡುವ ಅಭ್ಯಾಸ ಹೋಗಲಿಲ್ಲ. ಈಗಲೂ ಹೋಗಿಲ್ಲ.

ಓದು ಮುಗಿದು ನನಗೆ ತಿರುವನಂತಪುರದಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಉಷಕ್ಕನೂ ನಿವೃತ್ತರಾಗಿ ಮಗಳ ಮನೆ ಸೇರಿದ್ದರು. ಕಿಡ್ನಿ ಕೈಕೊಟ್ಟಿತ್ತು. ಸಾಕ್ಷಿ ಹೇಳಲು ಬರಬೇಕೆಂದು ಎರ್ನಾಕುಲಂನ ಕೋರ್ಟಿನಿಂದ ನನಗೆ ಕರೆ ಬಂದ ವಾರ ಅವರನ್ನು ನೋಡಲು ತುಂಬಕ್ಕೆ ಹೋದೆ. ಅವನನ್ನು ಮತ್ತೆ ಎದುರಿಗೆ ನೋಡಬೇಕಲ್ಲ ಎಂದು ನಿದ್ದೆ ಬಿಟ್ಟಿದ್ದೆ. ಅವರನ್ನು ಜೊತೆಗೆ ಕರೆಯಬೇಕೆಂದೇ ಹೋದದ್ದು.

ಬಾಗಿಲು ತೆಗೆದದ್ದು ಮೊಮ್ಮಗಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುತ್ತಾ ಒಳಗೆ ಕರೆದೊಯ್ದಳು. ಉಷಕ್ಕ ಮಂಚದಲ್ಲಿ ಚಿಕ್ಕದಾಗಿ ಕಂಡರು. ಡಯಾಲಿಸಿಸ್ಸಿಗಾಗಿ ಚುಚ್ಚಿ ಚುಚ್ಚಿ ತೋಳು ಗಂಟುಗಂಟಾಗಿತ್ತು. ನಾನು ಅದನ್ನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

"ಹಲ್ಲಿನವರು ಕೊನೆಗೂ ನನ್ನ ಹತ್ತಿರ ಬಂದ್ರು ನೋಡು" ಎಂದರು. "ರಕ್ತ ಎಲ್ಲ ತೆಗೀತಾರೆ. ಆದ್ರೆ ತೊಳೆದು ವಾಪಸು ಕೊಡ್ತಾರೆ. ಇಷ್ಟು ಮರ್ಯಾದೆಯವರು ಅಂತ ಗೊತ್ತಿರ್ಲಿಲ್ಲ, ಸುಮ್ಮನೆ ಏನೇನೋ ಬರೆದೆ."

"ಹೆದರಿಕೆ ಆಗುದಿಲ್ವಾ?"

"ಪ್ರತೀ ಸಲ ಆಗ್ತದೆ. ಕಣ್ಣು ಮುಚ್ಚಿ ಆ ನರ್ಸಿನ ಕೈ ಹಿಡ್ಕೊಳ್ತೇನೆ. ಅವಳ ಎರಡು ಬಳೆ ಒಡೆದು ಹೋಯ್ತು." ಆಮೇಲೆ ನನ್ನ ಮುಖವನ್ನೇ ನೋಡಿದರು. "ನಿನ್ನ ಕೇಸು ವಿಚಾರಣೆಗೆ ಬಂತಾ?"

ಹೌದೆಂದೆ. ದಿನ ಕೇಳಿದರು. ಅದು ಡಯಾಲಿಸಿಸ್ ಇಲ್ಲದ ದಿನವೆಂದೂ, ಬೆಳಗಿನ ರೈಲಿನಲ್ಲಿ ಹೋಗಿ ಸಂಜೆ ಬರಬಹುದೆಂದೂ, ನನ್ನ ಪಕ್ಕದಲ್ಲೇ ನಿಂತುಕೊಳ್ಳುತ್ತೇನೆಂದೂ ಹೇಳಿದರು. ಬಾಗಿಲ ಬಳಿ ನಿಂತಿದ್ದ ಮೇಧಾ ಬೇಡವೆಂದು ತಲೆಯಾಡಿಸಿ ಸನ್ನೆ ಮಾಡಿದಳು. ನಾನು ಆಯಿತು ಉಷಕ್ಕ ಎಂದೆ. ಅವರೂ ಸಮಾಧಾನವಾದಂತೆ ಕಣ್ಣು ಮುಚ್ಚಿದರು. ಅವರು ಬರಲಾರರೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಅದೇ ನಮ್ಮ ಕೊನೆಯ ಭೇಟಿ. ವಿಚಾರಣೆಯ ದಿನ ಬರುವ ಮೊದಲೇ ಮೇಧಾಳಿಂದ ಫೋನು ಬಂತು.

ಕೋರ್ಟಿನಲ್ಲಿ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಯಾರದೋ ಮದುವೆಗೆ ಬಂದವನ ಹಾಗೆ ಕೂತಿದ್ದ. ನಾನು ಕಟಕಟೆ ಹತ್ತಿದೆ. ಮ್ಯಾಜಿಸ್ಟ್ರೇಟರು ಕಡತ ನೋಡಿ, ಹೇಳಿಕೆ ಕೊಟ್ಟಾಗ ಕನ್ನಡ ಅನುವಾದಕಿ ಜೊತೆಗಿದ್ದರಲ್ಲ, ಅವರು ಬಂದಿದ್ದಾರೆಯೇ ಎಂದು ಮಲಯಾಳದಲ್ಲಿ ಕೇಳಿದರು.

"ಅವರಿಲ್ಲ" ಎಂದೆ.

ಬೇರೊಬ್ಬ ಅನುವಾದಕರು ಸಿಗುವವರೆಗೆ ವಿಚಾರಣೆ ಮುಂದೂಡಬಹುದು, ಬೇಕೇ ಎಂದರು. ಅವನ ವಕೀಲರು ಆಗಲೇ ಕಾಗದಗಳನ್ನು ಮಡಚತೊಡಗಿದ್ದರು. ಬೇಡ, ನಾನೇ ಮಲಯಾಳದಲ್ಲಿ ಹೇಳುತ್ತೇನೆ ಎಂದೆ. ದನಿ ಎಷ್ಟು ನಡುಗಿತೆಂದರೆ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಪೇಡಿಯುಂಡೋ?" ಹೆದರಿಕೆ ಇದೆಯೇ?

"ಉಂಡ್" ಎಂದೆ. ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನನ್ನು ಚಾಯಕ್ಕೆ ಕರೆದದ್ದು ನಾನೇ ಎಂಬಲ್ಲಿಂದ ಹೇಳತೊಡಗಿದೆ.